ಗೆರೆ ಮುಟ್ಟುವ ಮುನ್ನ

ಸೆಪ್ಟೆಂಬರಿನಿಂದ ತಾಯ್ಸ್ತೊನ ಕೈ ನಡುಗುತ್ತಿದೆ.
ಕಾಫಿ ಬಟ್ಟಲು ತಟ್ಟೆಯ ಮೇಲೆ ಟಿಕಟಿಕ ಎನ್ನುತ್ತದೆ,
ಅವನು ಬಾಗಿದರೆ ತಕ್ಕಡಿಯ ಮುಳ್ಳು ನಿಲ್ಲುವುದೇ ಇಲ್ಲ.
ಅದಕ್ಕೇ ಕೋವಿ, ಪ್ರೆಸ್ಸು, ಹಿತ್ತಾಳೆ ಕೋಶಗಳ ಡಬ್ಬಿ
ಎಲ್ಲ ಜಾರುಬಂಡಿಗೆ ಹೇರಿ ನನ್ನ ಸೌನಾದ ಹೊರಕೋಣೆಗೆ ತಂದ.
ಜೊತೆಗೊಂದು ನೀಲಿ ರಟ್ಟಿನ ಪುಸ್ತಕ.
ಪುಟದ ನಡುವೆ, ಪೆನ್ಸಿಲ್ಲಿನಲ್ಲಿ, ಎರಡು ಸಲ ಅಡಿಗೆರೆ ಎಳೆದು:
೭೮.೪೦.
"ಬುಡದಿಂದ ಮೂತಿಯವರೆಗೆ ಇಷ್ಟೇ ಮಿಲಿಮೀಟರು.
ಎಳ್ಳಷ್ಟೂ ಹೆಚ್ಚಿಲ್ಲ, ಎಳ್ಳಷ್ಟೂ ಕಡಿಮೆಯಿಲ್ಲ.
ಗುಂಡು ನಳಿಗೆಯ ಗೆರೆಗಳಿಗೆ
ಇನ್ನೇನು ಮುತ್ತಿಡಬೇಕು, ಇಡಬಾರದು.
ಅಷ್ಟೇ ಗುಟ್ಟು, ಇರ್ಯಾ."

ನಾನು ಹಿಮ ಬಳಿಯುವ ಲಾರಿ ಓಡಿಸುವವಳು.
ರಾತ್ರಿ ಎರಡಕ್ಕೆ, ಕುಹ್ಮೊ ರಸ್ತೆಯಲ್ಲಿ,
ಅಲಗನ್ನು ಡಾಂಬರಿಗೆ ತಾಕಿಯೂ ತಾಕದಂತೆ ಇಳಿಸುವುದು ಗೊತ್ತು.
ಒಪ್ಪಿಕೊಂಡೆ.

ಮೇಣದಬತ್ತಿ ಹಚ್ಚಿ ಗುಂಡಿನ ಮೂತಿಗೆ ಮಸಿ ಹಿಡಿಸಿದೆ.
ಮದ್ದಿಲ್ಲದ ತೋಟಾ. ಕೋವಿಗೆ ಹಾಕಿ, ಬೋಲ್ಟ್ ಮುಚ್ಚಿ,
ಹೊರತೆಗೆದು ದೀಪಕ್ಕೆ ಹಿಡಿದರೆ
ಮಸಿಯ ಮೇಲೆ ಒಂದು ಗೀರೂ ಇಲ್ಲ.
ಉದ್ದ ಮಾಡಿದೆ. ಇಲ್ಲ.
ಇನ್ನೂ ಉದ್ದ.
೭೯.೧೦ಕ್ಕೆ ಕೊನೆಗೂ ನಾಲ್ಕು ಸಣ್ಣ ಹೊಳಪು,
ಇಲಿ ಹಲ್ಲೂರಿದಂತೆ.

ಮೂವತ್ತು ಚಳಿಗಾಲ, ಮೂರು ಸಾವಿರ ಬೆಂಕಿ.
ಕೋವಿಯ ಗಂಟಲು ಸವೆದಿದೆ. ಗೆರೆಗಳು
ಅವನಿಗೊಂದು ಮಾತೂ ಹೇಳದೆ ಮುಂದಕ್ಕೆ ಸರಿದಿವೆ.
ಇಷ್ಟು ವರ್ಷ ಮುತ್ತೆಂದು ಅವನು ನಂಬಿದ್ದು
ಬರಿಗಾಳಿಗೆ ಚಾಚಿದ ತುಟಿ.

ಮೆಟ್ಸೊ ಹಕ್ಕಿ ಪೈನ್ ಮರದ ನೆತ್ತಿಯಲ್ಲಿ ಕೂರುತ್ತದೆ,
ಬೆಳಗಿನ ಚಳಿಯಲ್ಲಿ ಎಲೆಮುಳ್ಳು ಮೇಯುತ್ತ, ಕಪ್ಪಗೆ.
ನಾವು ಸ್ಕೀ ಮೇಲೆ, ಬಿಳಿ ಬಟ್ಟೆಯಲ್ಲಿ, ಇನ್ನೂರು ಹೆಜ್ಜೆ ಆಚೆ.
ಅಂಗೈಯಗಲದ ಎದೆ. ತಪ್ಪಿದರೆ ಪರವಾಗಿಲ್ಲ,
ಅರ್ಧ ತಾಗಬಾರದು.
ತಾಯ್ಸ್ತೊ ಒಮ್ಮೆ ಅರ್ಧ ತಾಗಿಸಿದ್ದ.
ಆ ದಿನದ ಪುಟ ಪುಸ್ತಕದಲ್ಲಿಲ್ಲ;
ಹರಿದ ಅಂಚು ಮಾತ್ರ ಹೊಲಿಗೆಯಲ್ಲಿ ಉಳಿದಿದೆ.

ಗೆರೆಗಳ ಬೆನ್ನಟ್ಟಿದೆ. ೭೯.೦೦ಕ್ಕೆ ಐದು ತೋಟಾ.
ಅಳೆದೂ ಸುರಿದೂ, ಮದ್ದು ಅಷ್ಟೇ, ಕೋಶ ಅವೇ,
ಬದಲಾದದ್ದು ಗುಂಡು ಕೂತ ಆಳ ಮಾತ್ರ.
ಹಳೆಯ ಮರಳುಗುಂಡಿಯಲ್ಲಿ, ಮೈನಸ್ ಹನ್ನೊಂದರಲ್ಲಿ,
ಐದಕ್ಕೂ ಐದು ದಿಕ್ಕು,
ಜಗಳವಾಡಿ ಊಟದಿಂದೆದ್ದವರ ಹಾಗೆ.
೭೮.೮೫: ನಾಲ್ಕು ಹತ್ತಿರ, ಒಂದು ಮುನಿಸಿಕೊಂಡು ಮೂಲೆಗೆ.
೭೮.೭೦: ಅದೇ ಕಥೆ, ಮುನಿದವನು ಬೇರೆ.
ಬೆರಳು ಮರಗಟ್ಟಿದವು. ಥರ್ಮಸ್ ಖಾಲಿ.

ಮೂರನೆಯ ಭಾನುವಾರ, ಬರೀ ಹಠಕ್ಕೆ, ಹಿಂದೆ ಹೋದೆ.
೭೮.೪೦, ಅವನದು. ದೂರುವಂತಿಲ್ಲ,
ಐದೂ ಒಂದು ನಾಣ್ಯದಡಿ ಅಡಗುತ್ತವೆ.
೭೮.೩೦.
ಮೊದಲ ತೂತು ಕಂಡಿತು. ಎರಡನೆಯದು ಕಾಣಲಿಲ್ಲ,
ಕಾಗದವೇ ತಪ್ಪಿತೇನೋ ಅಂದುಕೊಂಡೆ.
ಮೂರನೆಯದೂ. ನಾಲ್ಕು, ಐದು.
ಮಂಡಿಯುದ್ದ ಹಿಮದಲ್ಲಿ ನಡೆದು ಹೋಗಿ ನೋಡಿದರೆ
ಒಂದೇ ತೂತು,
ಅಂಚು ತುಸು ಕಚ್ಚಿದ ಬಿಸ್ಕತ್ತಿನಂತೆ.
ಯಾಕೆಂದು ನನ್ನನ್ನು ಕೇಳಬೇಡಿ.
ಅಷ್ಟು ದೂರ ಆಸರೆಯಿಲ್ಲದೆ ನೆಗೆದು
ನೆಟ್ಟಗೆ ಹೋಗಿ ಗೆರೆ ಹಿಡಿದದ್ದು ಹೇಗೆಂದು
ಗುಂಡಿಗೇ ಗೊತ್ತು.

ಸಂಜೆ ತಾಯ್ಸ್ತೊ ಬಂದ. ಒಂದು ತೋಟಾ ಎತ್ತಿಕೊಂಡು
ಉಗುರಿನಿಂದ ಕತ್ತು ತಡವಿ, "ಕುಳ್ಳಾಗಿದೆ" ಎಂದ.
ಹೌದು ಎಂದೆ.
"ಗೆರೆಯಿಂದ ಎಷ್ಟು ದೂರ?"
ಹೇಳಿದೆ. ಗೆರೆ ಸರಿದ ಸುದ್ದಿಯನ್ನೂ.
ಬಹಳ ಹೊತ್ತು ಒಲೆಯನ್ನೇ ನೋಡಿದ.
"ಹಾಗಾದರೆ ನಾನು ಇಷ್ಟು ವರ್ಷ ಹೊಡೆದದ್ದು?"
"ಹೊಡೆದದ್ದು ಹೊಡೆದದ್ದೇ. ಕಾರಣ ಮಾತ್ರ ಬೇರೆ."

ಪುಸ್ತಕ ತೆರೆದೆ. ಅವನ ಅಂಕಿಯನ್ನು ಹೊಡೆದುಹಾಕಲಿಲ್ಲ.
ಕೆಳಗೆ ನನ್ನದನ್ನು ಬರೆಯಹೋದಾಗ
ಪೆನ್ಸಿಲ್ ಕಸಿದುಕೊಂಡ. ಆ ಕೈಯಲ್ಲೇ,
ಹಿಮದ ಮೇಲೆ ಮೊಲ ಓಡಿದ ಜಾಡಿನಂತೆ,
೭೮.೩೦ ಎಂದು ಬರೆದ.
ಅಡಿಗೆರೆ ಎಳೆಯಲಿಲ್ಲ.
"ಇರಲಿ, ಮುಂದಿನ ವರ್ಷ ನೋಡೋಣ" ಎಂದ.