ದಾರಕ್ಕೂ ಸೂಟಿ

ಹತ್ತು ಗ್ರಾಮಿನ ಒತ್ತಿಗೆ ಬಾಗುವ
ಒಂದೇ ಒಂದು ನೈಲಾನ್ ಎಳೆ,
ಪೆನ್ನಿನಂಥ ಹಿಡಿಕೆಗೆ ಸಿಕ್ಕಿಸಿದ್ದು.
ಅದನ್ನು ಹಿಡಿದು ಗುಳೇದಗುಡ್ಡದ ಓಣಿಗಳಲ್ಲಿ
ಆರು ತಿಂಗಳು ನಾನು ಮಂದಿಯ ಅಂಗಾಲು ಮುಟ್ಟಿದೆ.
ಬಾಗಲಕೋಟೆಯಿಂದ ಏಳೂವರೆಯ ಬಸ್ಸು.
ಚೀಲದಲ್ಲಿ ಸ್ಪಿರಿಟ್ಟು, ಹತ್ತಿ, ಸಕ್ಕರೆ ನೋಡುವ ಯಂತ್ರ,
ಹೆಬ್ಬೆಟ್ಟಿಗೆ ಕಾದ ಒಪ್ಪಿಗೆ ಪತ್ರಗಳ ಕಟ್ಟು.

"ಕಣ್ಣು ಮುಚ್ಚರಿ. ಮುಟ್ಟಿದ್ದು ತಿಳಿದರ ಹೂಂ ಅನ್ನರಿ."
ಮಾಗುಂಡಪ್ಪ ಚಿಲ್ಲಾಳ ಮಗ್ಗದ ಕುಣಿಯ ಅಂಚಿಗೆ ಕುಂತು
ನನ್ನ ತೊಡೆಯ ಮೇಲೆ ಕಾಲಿಡಲು ನಾಚಿದರು.
ಹೆಬ್ಬೆರಳು. ಸುಮ್ಮನೆ.
ಹಿಮ್ಮಡಿ. ಸುಮ್ಮನೆ.
ಎಳೆಯನ್ನು ಬರೇ ಗಾಳಿಯಲ್ಲಿ ಹಿಡಿದಾಗ
"ಹೂಂ" ಅಂದರು.
ಮನೆಗೆ ಬಂದವರನ್ನು ಬರಿಗೈಲೆ ಕಳಿಸಬಾರದಲ್ಲ.

ಕಣ್ಣು ಬಿಟ್ಟು ಎಳೆಯನ್ನು ಎರಡು ಬೆರಳ ನಡುವೆ ಹೊರಳಿಸಿ,
"ಇದು ಎಷ್ಟನೆ ನಂಬರಿನ ನೂಲರಿ? ಹುರೀನ ಇಲ್ಲ.
ಹಾಸಿಗೂ ಬರೂದಿಲ್ಲ, ಹೊಕ್ಕಿಗೂ ಬರೂದಿಲ್ಲ."
ಅಷ್ಟು ತಿಳಿದ ಬೆರಳು. ಆಳುದ್ದ ಕೆಳಗೆ
ಏನೂ ತಿಳಿಯದ ಕಾಲು.

ಹತ್ತು ಮಂದಿಯಾದ ಮೇಲೆ ಈ ಎಳೆ ಸೋಲುತ್ತದೆ,
ಒಂದು ದಿನ ಮಲಗಿಸಿಡಬೇಕು,
ಇಲ್ಲದಿದ್ದರೆ ಸುಳ್ಳು ಹೇಳುತ್ತದೆ, ಎಂದೆ.
ಕಂಡಿಕೆ ಸುತ್ತುತ್ತಿದ್ದ ಗುರುಬಸವ್ವ
ರಾಟಿ ನಿಲ್ಲಿಸಿ ನಕ್ಕರು:
"ನೋಡ್ರಿ, ದಾರಕ್ಕೂ ಸೂಟಿ ಐತಿ."

ಆಮೇಲೆ ಅವರು ಸಂಖ್ಯೆ ನೂರಾ ಎಪ್ಪತ್ತೊಂದು.
ಮೂರನೆಯ ಕೋಷ್ಟಕದಲ್ಲಿ ಶೇಕಡಾ ಪಾಲಿನೊಳಗೊಂದು ಪಾಲು.
ಮೊದಲ ಪತ್ರಿಕೆ ಎಂಟೇ ದಿನಕ್ಕೆ ತಿರುಗಿಸಿ ಕಳಿಸಿತು: ವಿಷಯ ಸ್ಥಳೀಯ.
ಎರಡನೆಯದರಲ್ಲಿ ಹೆಸರಿಲ್ಲದ ಪರಾಮರ್ಶಕರು ಕೇಳಿದರು:
ಇವರು ಕುಳಿತು ದುಡಿಯುವವರೋ, ನಡೆದಾಡುವವರೋ?
ಕುಣಿಯಲ್ಲಿ ಸೊಂಟ ಕುಳಿತೇ ಇರುತ್ತದೆ,
ಕಾಲು ಸಂಜೆಯೊಳಗೆ ಎರಡು ಹರಿದಾರಿ ನಡೆದಿರುತ್ತದೆ
ಎಂದು ನಾನು ಬರೆದ ವಾಕ್ಯ ಮೇಡಂ ಹೊಡೆದುಹಾಕಿದರು.
ಪದಮಿತಿ.
'ಅಧ್ಯಯನದ ಮಿತಿಗಳು' ಎಂಬಲ್ಲಿ ಒಂದು ಸಾಲು ಉಳಿಯಿತು:
ತುಳಿದು ಜಡ್ಡುಗಟ್ಟಿದ ಅಂಗಾಲಿನಲ್ಲಿ ಫಲಿತಾಂಶ ತಪ್ಪಿರಬಹುದು.

ಹದಿನಾಲ್ಕು ತಿಂಗಳಿಗೆ ಅಚ್ಚಾಯಿತು.
ಅದೇ ವರ್ಷ ಪತ್ರಿಕೆ ತನ್ನ ಇಪ್ಪತ್ತೈದು ವರ್ಷದ ಲೆಕ್ಕ ತೆಗೆದು
ಯಾವ ಪದ ಎಷ್ಟು ಸಲ ಬಂತೆಂದು ನಕ್ಷೆ ಬರೆಯಿತು.
ಇನ್ಸುಲಿನ್ ದಣಿದ ಎತ್ತಿನಂತೆ ಸಮನಾಗಿ ನಡೆದಿತ್ತು.
ತೂಕ ಇಳಿಸುವ ಹೊಸ ಸೂಜಿ ಜಿಗಿದು ಚೌಕಟ್ಟು ಮುಟ್ಟಿತ್ತು.
ಕರುಳಿನ ಸೂಕ್ಷ್ಮಾಣುಗಳು ನೀಲಿಯಾಗಿ ಹಬ್ಬಿದ್ದವು.
ಪಾದ ಬೂದು ಬಣ್ಣದ್ದು, ಕೆಳಗೆ, ನೆಲಕ್ಕಂಟಿ.
ಪಾದ ಇರುವುದೇ ಅಲ್ಲಿ, ಬಿಡಿ.
ಇಂಪ್ಯಾಕ್ಟ್ ಫ್ಯಾಕ್ಟರ್ ಮೂರು ಪಾಯಿಂಟ್ ಒಂದರಿಂದ
ನಾಲ್ಕು ಪಾಯಿಂಟ್ ಆರಕ್ಕೆ ಏರಿತೆಂದು
ವಿಭಾಗದಲ್ಲಿ ಪೇಡೆ ಹಂಚಿದರು. ನಾನೂ ಎರಡು ತಿಂದೆ.
ನಮ್ಮ ಲೇಖನವನ್ನು ಉಲ್ಲೇಖಿಸಿದ್ದು ಹನ್ನೊಂದು ಸಲ.
ಐದು ನಮ್ಮವೇ. ಒಂದು ವಿಯೆಟ್ನಾಮಿನ ಬೂಟು ಕಾರ್ಖಾನೆಯದು.
ಒಂದರಲ್ಲಿ ಊರಿನ ಹೆಸರೇ ತಪ್ಪು.

ಹೋದ ಶ್ರಾವಣದಲ್ಲಿ ಪ್ರತಿಯೊಂದನ್ನು ಕೊಡಲು ಹೋದೆ.
ಓಣಿಯ ತಿರುವಿಗೇ ಕೇಳಿಸಿತು, ಲಾಳಿಯ ಸಪ್ಪಳದ ಕೆಳಗೆ
ಇನ್ನೊಂದು ಸಪ್ಪಳ.
ಎಡದ ತುಳಿಮಣೆಗೆ ಒಂದು ಗೆಜ್ಜೆ, ಬಲದ್ದಕ್ಕೆ ಎರಡು.
"ಕಾಲು ಹೇಳೂದ ಬಿಟ್ಟೈತಿ. ಕಿವಿ ಹೇಳತೈತಿ."
ಎಡಗಾಲಿಗೆ ಕಿರುಬೆರಳು ಇರಲಿಲ್ಲ.
ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.
ಪ್ರತಿಯ ಅಂಚು ಉಜ್ಜಿ ನೋಡಿ, "ಕಾಗದ ಚಲೋ ಐತಿ" ಅಂದರು.
ಗುರುಬಸವ್ವ ಅದನ್ನು ನೇಯ್ದಿಟ್ಟ ಖಣಗಳ ಮೇಲೆ ಹೊದಿಸಿದರು,
ಮಾಳಿಗೆಯ ಮಣ್ಣು ಉದುರದ ಹಾಗೆ.

ರಾತ್ರಿ ಸಂಪಾದಕರಿಗೆ ಪತ್ರ ಬರೆಯಲು ಕುಳಿತಿದ್ದೇನೆ.
ಮುನ್ನೂರು ಪದ ಮೀರಬಾರದು,
ಒಂದು ಚಿತ್ರಕ್ಕೆ ಮಾತ್ರ ಅವಕಾಶ.
ಒಂದು, ಎರಡು. ಒಂದು, ಎರಡು.
ಗೆಜ್ಜೆಯ ಏಕಮಾನ ಯಾವುದೆಂದು ಕೇಳುತ್ತಾರೆ,
ಖಂಡಿತ ಕೇಳುತ್ತಾರೆ.