ಬಾಯೊಳಗಿನ ಕಪ್ಪು

ಲುಬೊಂಬೊ ಬೆಟ್ಟದಡಿಯ ಆಸ್ಪತ್ರೆ. ಗೋಡೆಯ ಪಟಕ್ಕೆ
ಬೆರಳಿಟ್ಟು ಹೇಳುತ್ತಾಳೆ ನರ್ಸ್ ಬೊನ್ಸಿಲೆ:
ಕಪ್ಪು ಮಾಂಬಾ ಕಪ್ಪಲ್ಲ ಕಣ್ರೋ, ಮೈಯೆಲ್ಲ ಒಲೆಬೂದಿ.
ಕಪ್ಪಿರುವುದು ಬಾಯೊಳಗೆ.
ಅಷ್ಟು ಹತ್ತಿರದಿಂದ ಕಂಡವರು
ಗುರುತು ಹೇಳಲು ಬರುವುದು ಕಮ್ಮಿ.
ಉಗುಳುನಾಗರಕ್ಕೆ ಗಂಟಲಡಿ ಕರಿಪಟ್ಟಿ;
ಗುರಿ, ನಿಮ್ಮ ಕಣ್ಣು.
ಕಬ್ಬು ಕಡಿಯುವ ಹುಡುಗರು ಕಿಸಕ್ಕೆಂದರು.

ರಾತ್ರಿ ಎರಡಕ್ಕೆ ಮಗಳನ್ನು ಹೆಗಲಿಗೆ ಹಾಕಿಕೊಂಡು ಮೆಫಿಕಾ.
ಯಾವ ಹಾವು?
ಕತ್ತಲಿತ್ತು ಅಕ್ಕಾ. ಚಾಪೆ ಮೇಲೆ ಮಲಗಿತ್ತು ಕೂಸು.

ಪಟದ ಕಡೆ ತಿರುಗಲಿಲ್ಲ ಬೊನ್ಸಿಲೆ.
ಟಾರ್ಚು ಹಿಡಿದು ಕೂಸನ್ನೇ ಓದಿದಳು:
ರೆಪ್ಪೆ ಜೋತಿಲ್ಲ. ಉಸಿರು ಸರಾಗ.
ಮೊಣಕೈವರೆಗೆ ಬಾವು, ಚರ್ಮ
ಕೆಂಡದಲ್ಲಿ ಸುಟ್ಟ ಬದನೆ.

ಉಗುಳುನಾಗರ, ಎಂದಳು. ಸೂಜಿ ತೆಗೆದಳು.

ಹೆಸರು ಕೇಳಿದ್ದೇ ನೆಲಕ್ಕೆ ಕುಸಿದ ಮೆಫಿಕಾ.
ಅವನ ಮುಷ್ಟಿಯೊಳಗಿನ ಕೋಲು ಬಿಡಿಸಲು
ಇಬ್ಬರು ಬೇಕಾಯಿತು.