ಐದು ನಿಮಿಷದ ಚೀಟಿ

ತಾರ್ತು, ಜನವರಿ. ಆಸ್ಪತ್ರೆಯ ಕಿಟಕಿಯಾಚೆ
ಎಮಾಯೊಗಿ ನದಿ ಹೆಪ್ಪುಗಟ್ಟಿದೆ.

ಮೊದಲು ಬಾಗಿಲಿಗೊಂದು ಪಾಸ್‌ವರ್ಡ್ ಇತ್ತು:
ರಕ್ತದ ಲ್ಯಾಬಿಗೆ, ಎಕ್ಸ್‌ರೇಗೆ, ಔಷಧದ ಕಪಾಟಿಗೆ.
ಎಲ್ಲರ ಕಿವಿಯಲ್ಲೂ ಊದಿದ ಮೇಲೆ
ಅದು ಗುಟ್ಟೇ? ಅಂದೆ ನಾನು, ಸಭೆಯಲ್ಲಿ.
ಹೊಸ್ತಿಲಲ್ಲಿ ಒಬ್ಬನೇ ಕೇಳಲಿ ಯಾರು ನೀನೆಂದು,
ಅವನೇ ಚೀಟಿ ಬರೆದು ಕೊಡಲಿ,
ಉಳಿದವರು ಮುದ್ರೆ ನೋಡಿ ತೆಗೆಯಲಿ.
ಅವನೇ ಮಲಗಿಬಿಟ್ಟರೆ? ಕೇಳಿದ ಹೆಲ್ಡುರ್.
ಎಲ್ಲರೂ ಚಳಿಯಲ್ಲಿ, ಅಂದೆ. ನಕ್ಕೆವು.

ಚೀಟಿಯ ಆಯುಸ್ಸು? ದಿನವಿಡೀ ಇದ್ದರೆ
ಕದ್ದವನಿಗೂ ದಿನವಿಡೀ ಹಬ್ಬ.
ಐದು ನಿಮಿಷ ಎಂದು ಬರೆದೆ. ಕೈ ನಡುಗಲಿಲ್ಲ.

ಇಂದು ರಾತ್ರಿ ಮೂರಕ್ಕೆ
ಬೇರಾವುದೋ ದೋಷ ಹುಡುಕುತ್ತ ನಾಲ್ಕನೇ ವಾರ್ಡಿಗೆ ಬಂದೆ.
ನರ್ಸ್ ವಿರ್ವೆ ಗ್ಲೌಸು ಕಳಚಿ, ಬೆರಳೊತ್ತಿ, ಮತ್ತೆ ತೊಟ್ಟು,
ಯಾರದೋ ನಾಡಿ ಹಿಡಿದು ತಿರುಗುವಷ್ಟರಲ್ಲಿ
ಚೀಟಿ ಸತ್ತಿರುತ್ತಿತ್ತಂತೆ.
ಈಗ ಆ ತಾಪತ್ರಯವಿಲ್ಲ.
ಕಪಾಟಿನ ಬಾಗಿಲ ಸಂದಿಯಲ್ಲಿ
ಮಡಚಿ ತುರುಕಿದ ಉಣ್ಣೆಯ ಕಾಲುಚೀಲ.
ನನ್ನದೇ, ಒಗೆದದ್ದು, ಅಂದಳು.

ನಾನದನ್ನು ಎಳೆಯಲಿಲ್ಲ.
ಲಾಗ್ ಮಾತ್ರ ನಿರ್ಮಲ:
ಮೂರು ವಾರದಿಂದ ಇಲ್ಲಿ
ಒಬ್ಬರೂ ತಪ್ಪು ಬೆರಳೊತ್ತಿಲ್ಲ.
ಅದಕ್ಕೆ ಮೊನ್ನೆ ಚಪ್ಪಾಳೆ ತಟ್ಟಿದ್ದೆವು.